ಎಂಟರ ಮಗುವಿಗೆ ಕ್ಲಿಪ್ ಬೇಕೇ?

ಏಪ್ರಿಲ್-ಮೇ ತಿಂಗಳ ರಜೆ ಬಂತೆಂದರೆ ಮಂಗಳೂರಿನ ದಂತ ಚಿಕಿತ್ಸಾಲಯಗಳಲ್ಲಿ ಪುಟ್ಟ ಮಕ್ಕಳ ಸಂಖ್ಯೆ ಏರುತ್ತದೆ. ಎರಡನೆಯ ಅಥವಾ ಮೂರನೆಯ ತರಗತಿ ಮುಗಿಸಿದ ಮಗು. ಮೇಲಿನ ಎರಡು ಬಾಚಿಹಲ್ಲುಗಳು ಅಗಲವಾಗಿ, ನಡುವೆ ಸಂದಿ ಬಿಟ್ಟುಕೊಂಡು, ಒಂದಿಷ್ಟು ಅತ್ತಿತ್ತ ವಾಲಿಕೊಂಡು ಬಂದಿರುತ್ತವೆ. ಕಳೆದ ರಜೆಯಲ್ಲಿ ತಾಯಿಯೊಬ್ಬರು ಎಂಟು ವರ್ಷದ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದ್ದು ಹೀಗೆ:

“ಡಾಕ್ಟ್ರೇ, ಹಾಲು ಹಲ್ಲು ಇದ್ದಾಗ ಮುತ್ತು ಪೋಣಿಸಿದ ಹಾಗಿತ್ತು. ಈಗ ನೋಡಿ, ಹೇಗೆ ಬಂದಿದೆ! ಇವಳ ಕ್ಲಾಸಿನಲ್ಲಿ ಇಬ್ಬರಿಗೆ ಆಗಲೇ ಕ್ಲಿಪ್ ಹಾಕಿಸಿದ್ದಾರೆ. ಚಿಕ್ಕದಿರುವಾಗಲೇ ಹಾಕಿಸಿದರೆ ಬೇಗ ಸರಿಯಾಗ್ತದಂತೆ, ಹೌದಾ?”

ಈ ‘ಸರಿಯಾಗ್ತದಂತೆ’ ಎಂಬ ಮಾತಿನ ಬಗ್ಗೆಯೇ ಈ ವಾರ ಬರೆಯಬೇಕೆನಿಸಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಆದುದರಿಂದ ಹಲ್ಲಿನ ವಿಚಾರದಲ್ಲೂ ಬೇಗ ಆರಂಭಿಸಿದಷ್ಟು ಒಳ್ಳೆಯದೆಂದು ತೋರುವುದು ಸಹಜ. ಆದರೆ ಹಲ್ಲುಗಳ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ನಿಜ. ಏಳೆಂಟು ವರ್ಷದಲ್ಲಿ ಮಗುವನ್ನು ವಕ್ರದಂತ ತಜ್ಞರಿಗೆ ಒಮ್ಮೆ ತೋರಿಸಬೇಕು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅಮೆರಿಕದ ವಕ್ರದಂತ ತಜ್ಞರ ಸಂಘವೂ ಏಳು ವರ್ಷದೊಳಗೆ ಮೊದಲ ತಪಾಸಣೆ ಆಗಲಿ ಎನ್ನುತ್ತದೆ. ಆದರೆ ತೋರಿಸುವುದು ಬೇರೆ, ಆಗಲೇ ತಂತಿ ಕಟ್ಟಿಸುವುದು ಬೇರೆ. ನಮ್ಮ ಊರಿನಲ್ಲಿ ಈ ಎರಡೂ ಒಂದೇ ಎಂಬಂತಾಗಿರುವುದು ನನಗೆ ಚಿಂತೆಯ ವಿಷಯವಾಗಿದೆ.

ಮೊದಲು ಆ ತಾಯಿಯ ಆತಂಕವನ್ನು ನೋಡೋಣ. ಬಾಚಿಹಲ್ಲು ಹುಟ್ಟುವಾಗಲೇ ತನ್ನ ಪೂರ್ಣ ಗಾತ್ರದಲ್ಲಿ ಹುಟ್ಟುತ್ತದೆ; ಆಮೇಲೆ ಅದು ಬೆಳೆಯುವುದಿಲ್ಲ. ಬೆಳೆಯುವುದು ಅದರ ಸುತ್ತಲಿನ ಮುಖ ಮತ್ತು ದವಡೆ. ಶಾಲೆ ಆರಂಭವಾಗುವಾಗ ಎರಡು ವರ್ಷಕ್ಕಾದರೂ ಆಗಲಿ ಎಂದು ದೊಡ್ಡ ಯೂನಿಫಾರ್ಮ್ ಹೊಲಿಸುತ್ತೇವಲ್ಲ, ಎಂಟು ವರ್ಷದ ಮಗುವಿನ ಬಾಯಿಯಲ್ಲಿ ಆ ಹಲ್ಲು ಹಾಗೆಯೇ ಕಾಣುತ್ತದೆ. ಇನ್ನು ನಡುವಿನ ಸಂದಿ. ಮೇಲಿನ ಕೋರೆಹಲ್ಲುಗಳು ಆಗ ಇನ್ನೂ ಎಲುಬಿನೊಳಗೆ, ಮೂಗಿನ ಇಕ್ಕೆಲಗಳಲ್ಲಿ ಇರುತ್ತವೆ. ಅವು ಕೆಳಗಿಳಿಯುವಾಗ ಪಕ್ಕದ ಬಾಚಿಹಲ್ಲುಗಳ ಬೇರನ್ನು ಒತ್ತುತ್ತವೆ. ಬೇರು ಒಳಕ್ಕೆ ಸರಿದಾಗ ಹಲ್ಲಿನ ತುದಿ ಹೊರಕ್ಕೆ ವಾಲುತ್ತದೆ. ಹನ್ನೊಂದು-ಹನ್ನೆರಡರ ಹೊತ್ತಿಗೆ ಕೋರೆಹಲ್ಲು ಬಾಯಿಗೆ ಇಳಿದಾಗ, ಸಂದಿ ಎರಡು ಮಿಲಿಮೀಟರಿನ ಒಳಗಿದ್ದರೆ, ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಬ್ರಾಡ್‌ಬೆಂಟ್ ಎಂಬ ತಜ್ಞರು 1937ರಲ್ಲೇ ಈ ಅವಸ್ಥೆಯನ್ನು ವಿವರಿಸಿ ‘ಕುರೂಪಿ ಬಾತುಮರಿಯ ಹಂತ’ ಎಂದು ಕರೆದರು. ಮಕ್ಕಳ ಕಥೆಯ ಆ ಮರಿ ಕೊನೆಗೆ ಹಂಸವಾಗುತ್ತದೆ. ಈ ಹಂತದಲ್ಲಿ ತಂತಿ ಹಾಕಿ ಸಂದಿಯನ್ನು ಎಳೆದು ಮುಚ್ಚಿದರೆ ಬಾಚಿಹಲ್ಲಿನ ಬೇರು ಕೆಳಗಿಳಿಯುತ್ತಿರುವ ಕೋರೆಹಲ್ಲಿಗೆ ಹೋಗಿ ತಾಗುವ ಅಪಾಯವೂ ಉಂಟು.

ಕೆಳಗಿನ ಬಾಚಿಹಲ್ಲುಗಳ ಕಥೆಯೂ ಇದೇ. ಹಾಲು ಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಮೊಳೆತು ಎರಡು ಸಾಲಾದಾಗ ಮನೆಯವರು ಗಾಬರಿಯಿಂದ ಓಡಿ ಬರುತ್ತಾರೆ. ಹಾಲು ಹಲ್ಲು ಬಿದ್ದ ಮೇಲೆ ನಾಲಿಗೆಯೇ ಹೊಸ ಹಲ್ಲನ್ನು ಮುಂದಕ್ಕೆ ತಳ್ಳಿ ಬಹುಪಾಲು ಸರಿಪಡಿಸುತ್ತದೆ. ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವ ರೂಢಿ ನಮ್ಮಲ್ಲಿದೆ. ಈಗ ಕದ್ರಿ, ಬಿಜೈಗಳ ಫ್ಲ್ಯಾಟಿನಲ್ಲಿರುವ ಮಕ್ಕಳು ಎಸೆಯಲು ಹಂಚಿನ ಮಾಡೇ ಇಲ್ಲವೆಂದು ಹಲ್ಲನ್ನು ಕಾಗದದಲ್ಲಿ ಕಟ್ಟಿ ನನಗೇ ತಂದು ತೋರಿಸುವುದುಂಟು!

ಎರಡು ಕಂತಿನ ಚಿಕಿತ್ಸೆ

ಈಗ ಮುಖ್ಯ ವಿಷಯ. ಏಳರಿಂದ ಒಂಬತ್ತು ವರ್ಷದೊಳಗೆ, ಬಾಯಿಯಲ್ಲಿ ಹಾಲು ಹಲ್ಲೂ ಶಾಶ್ವತ ಹಲ್ಲೂ ಬೆರೆತಿರುವಾಗ, ಒಂದು ಸುತ್ತಿನ ಚಿಕಿತ್ಸೆ. ಆಮೇಲೆ ಒಂದೆರಡು ವರ್ಷ ಬಿಡುವು. ಎಲ್ಲ ಶಾಶ್ವತ ಹಲ್ಲುಗಳು ಬಂದ ಮೇಲೆ, ಹನ್ನೆರಡರ ಸುಮಾರಿಗೆ, ಮತ್ತೊಂದು ಸುತ್ತು. ಇದು ಹಂತ ಹಂತದ ಚಿಕಿತ್ಸೆ. ಒಂದೇ ಸುತ್ತಿನ ಚಿಕಿತ್ಸೆಯಾದರೆ ಹನ್ನೊಂದು-ಹನ್ನೆರಡರಲ್ಲಿ ಆರಂಭಿಸಿ ಒಂದೂವರೆ-ಎರಡು ವರ್ಷದಲ್ಲಿ ಮುಗಿಸಬಹುದು.

ಮೇಲಿನ ಹಲ್ಲುಗಳು ಮುಂದೆ ಚಾಚಿ ಕೆಳದವಡೆ ಹಿಂದುಳಿದಿರುವ ಮಕ್ಕಳಲ್ಲಿ ಈ ಎರಡು ಕ್ರಮಗಳನ್ನು ಹೋಲಿಸಿ ಒಳ್ಳೆಯ ಅಧ್ಯಯನಗಳು ನಡೆದಿವೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದ ಅಧ್ಯಯನ ಪ್ರಸಿದ್ಧವಾದುದು. ಬ್ರಿಟನ್ನಿನಲ್ಲಿ ಎಂಟರಿಂದ ಹತ್ತು ವರ್ಷದ 174 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೆಯೇ ಬೆಳೆಯಲು ಬಿಟ್ಟು ವರ್ಷಗಟ್ಟಲೆ ಗಮನಿಸಿದರು. 2009ರಲ್ಲಿ ಪ್ರಕಟವಾದ ಅದರ ಅಂತಿಮ ಫಲಿತಾಂಶ ನಮ್ಮಂಥವರ ಕಣ್ಣು ತೆರೆಸುವಂತಿತ್ತು. ಬೇಗ ಆರಂಭಿಸಿದ ಮಕ್ಕಳು ಹೆಚ್ಚು ಸಲ ಆಸ್ಪತ್ರೆಗೆ ಬಂದರು, ಹೆಚ್ಚು ಕಾಲ ಚಿಕಿತ್ಸೆಯಲ್ಲಿದ್ದರು, ಖರ್ಚೂ ಹೆಚ್ಚಾಯಿತು. ಇಷ್ಟಾಗಿ ಕೊನೆಯಲ್ಲಿ ಹಲ್ಲುಗಳು ಕೂಡಿದ ರೀತಿ ತಡವಾಗಿ ಆರಂಭಿಸಿದವರಿಗಿಂತ ಉತ್ತಮವಾಗಿರಲಿಲ್ಲ, ತುಸು ಕಡಿಮೆಯೇ ಇತ್ತು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯೂ ಬೇಗ ಆರಂಭಿಸಿದ್ದರಿಂದ ಸಿಕ್ಕ ಒಂದೇ ಒಂದು ಲಾಭವನ್ನು ಹೇಳಿತು: ಬಿದ್ದು ಪೆಟ್ಟಾಗಿ ಮುಂಬಲ್ಲು ಮುರಿಯುವುದು ಸ್ವಲ್ಪ ಕಡಿಮೆಯಾಗುತ್ತದೆ.

ಆ ಲಾಭ ಸಣ್ಣದೇನಲ್ಲ. ಹಲ್ಲು ತುಂಬಾ ಮುಂದೆ ಚಾಚಿದ್ದು, ತುಟಿ ಅದನ್ನು ಮುಚ್ಚದೆ, ಮಗು ಮೈದಾನದಲ್ಲಿ ಸದಾ ಓಡಾಡುವಂಥದ್ದಾದರೆ ಬೇಗ ಆರಂಭಿಸಲು ಅದೂ ಒಂದು ನ್ಯಾಯವಾದ ಕಾರಣ. ಶಾಲೆಯಲ್ಲಿ ಇತರ ಮಕ್ಕಳು ಗೇಲಿ ಮಾಡಿ ಮಗು ಬಾಯಿಗೆ ಕೈ ಅಡ್ಡ ಹಿಡಿದೇ ಮಾತನಾಡುತ್ತಿದ್ದರೆ ಅದೂ ಕಾರಣವೇ. (ಪ್ರಸಂಗ ಬಂದುದರಿಂದ ಒಂದು ಮಾತು: ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಿದ್ದರೆ ಬೇರನ್ನು ಉಜ್ಜದೆ, ಹಲ್ಲನ್ನು ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ. ಮತ್ತೆ ಕೂರಿಸಲು ಸಾಧ್ಯ. ಹಾಲು ಹಲ್ಲಿಗೆ ಇದು ಅನ್ವಯಿಸುವುದಿಲ್ಲ.) ಆದರೆ ‘ಈಗಲೇ ಮಾಡಿದರೆ ಮುಂದೆ ಕ್ಲಿಪ್ಪೇ ಬೇಡ’ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬೇಡಿ. ಮೊದಲ ಸುತ್ತು ಆದ ಬಹುಪಾಲು ಮಕ್ಕಳಿಗೆ ಎರಡನೆಯ ಸುತ್ತೂ ಬೇಕಾಗುತ್ತದೆ.

ಇದನ್ನು ಹೇಳಲು ನನಗೆ ಅರ್ಹತೆಯೂ ಇದೆ, ಸಂಕೋಚವೂ ಇದೆ. ಸ್ನಾತಕೋತ್ತರ ಪದವಿ ಮುಗಿಸಿ ಬಂದ ಹೊಸತರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಕೆಳದವಡೆಯನ್ನು ಮುಂದೆ ಹಿಡಿದಿಡುವ ಪ್ಲೇಟನ್ನು ಉತ್ಸಾಹದಿಂದ ಹಾಕಿದ್ದೆ. ಒಂದೂವರೆ ವರ್ಷ ಪಾಪ ಅವನು ಅದನ್ನು ಬಾಯಲ್ಲಿಟ್ಟುಕೊಂಡೇ ಶಾಲೆಗೆ ಹೋದ. ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಹದಿಮೂರರಲ್ಲಿ, ಎಲ್ಲ ಹಲ್ಲುಗಳಿಗೆ ತಂತಿ ಕಟ್ಟುವ ನಿಜವಾದ ಕೆಲಸ ಆರಂಭವಾದಾಗ ಅವನ ತಾಳ್ಮೆ ಮುಗಿದಿತ್ತು. ಹಲ್ಲು ಸರಿಯಾಗಿ ಉಜ್ಜಲಿಲ್ಲ, ರಬ್ಬರ್ ಹಾಕಲಿಲ್ಲ, ಚಕ್ಕುಲಿ ಕಡಿದು ವಾರಕ್ಕೊಂದು ಬ್ರಾಕೆಟ್ ಕಿತ್ತುಕೊಂಡು ಬಂದ. ಒಂಬತ್ತನೆಯ ತರಗತಿ ಮುಗಿದು ಎಸ್ಸೆಸ್ಸೆಲ್ಸಿ ಬಂತೆಂದು ಅರ್ಧದಲ್ಲೇ ಬಿಚ್ಚಿಸಿಕೊಂಡ. ಮಗುವಿನ ಸಹಕಾರವೆಂಬುದು ಬ್ಯಾಂಕಿನ ಉಳಿತಾಯ ಖಾತೆಯ ಹಾಗೆ. ಅದನ್ನು ಎಂಟು-ಒಂಬತ್ತರಲ್ಲೇ ಖರ್ಚು ಮಾಡಿಬಿಟ್ಟರೆ ಬೇಕಾದಾಗ ಖಾತೆ ಖಾಲಿ. ಆ ಹುಡುಗ ಹನ್ನೆರಡರವರೆಗೆ ಕಾದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಕಾಯಬಾರದ ಸಂಗತಿಗಳು

ಹಾಗೆಂದು ಎಲ್ಲವನ್ನೂ ಹನ್ನೆರಡರವರೆಗೆ ಮುಂದೂಡಬಹುದೆಂದು ಭಾವಿಸಬೇಡಿ. ಕೆಲವು ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಆಗಲೇಬೇಕು.

ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹೊರಗೆ ಕೂರುವುದು ಸಹಜ ಕ್ರಮ. ಒಂದೆರಡು ಮುಂಬಲ್ಲು ತಿರುಗುಮುರುಗಾಗಿ, ಮೇಲಿನದು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಪ್ರತಿ ಸಲ ಕಚ್ಚುವಾಗಲೂ ಕೆಳಗಿನ ಹಲ್ಲಿನ ವಸಡು ಸವೆಯುತ್ತದೆ. ಎಂಟು-ಒಂಬತ್ತರಲ್ಲಿ ಒಂದು ಸಾದಾ ಪ್ಲೇಟಿನಿಂದ ಕೆಲವೇ ತಿಂಗಳಲ್ಲಿ ಸರಿಯಾಗುವ ಕೆಲಸ ಇದು. ಹಾಗೆಯೇ ಮೇಲ್ದವಡೆ ಕಿರಿದಾಗಿ, ಬಾಯಿ ಮುಚ್ಚುವಾಗ ಮಗು ಗಲ್ಲವನ್ನು ಒಂದು ಬದಿಗೆ ಜಾರಿಸುತ್ತಿದ್ದರೆ ತಡಮಾಡಬಾರದು. ಅಂಗುಳಿನ ನಡುವಿನ ಎಲುಬಿನ ಬೆಸುಗೆ ಈ ವಯಸ್ಸಿನಲ್ಲಿ ಮೆತ್ತಗಿರುತ್ತದೆ, ಹಿಗ್ಗಿಸಬಹುದು. ಹದಿಹರೆಯ ಕಳೆದರೆ ಅದೇ ಕೆಲಸಕ್ಕೆ ಶಸ್ತ್ರಕ್ರಿಯೆ ಬೇಕಾದೀತು.

ಮೇಲ್ದವಡೆ ಹಿಂದುಳಿದು, ಕೆಳದವಡೆಯೇ ಮುಂದೆ ಬಂದಂತೆ ಕಾಣುವ ಮಕ್ಕಳಿದ್ದಾರೆ. ‘ಅಜ್ಜನದ್ದೇ ಗಲ್ಲ’ ಎಂದು ಮನೆಯಲ್ಲಿ ಹೆಮ್ಮೆಪಡುವುದೂ ಉಂಟು. ಇವರ ವಿಷಯದಲ್ಲಿ ಬ್ರಿಟನ್ನಿನದೇ ಇನ್ನೊಂದು ಅಧ್ಯಯನ ಹಿಂದೆ ಹೇಳಿದ್ದಕ್ಕೆ ವಿರುದ್ಧವಾದ ಉತ್ತರ ಕೊಟ್ಟಿದೆ. ಹತ್ತರ ಒಳಗೆ ಮುಖಕ್ಕೆ ಹಾಕುವ ಸಾಧನದಿಂದ ಮೇಲ್ದವಡೆಯನ್ನು ಮುಂದಕ್ಕೆ ಎಳೆದ ಮಕ್ಕಳಲ್ಲಿ ಮುಂದೆ ದವಡೆಯ ಶಸ್ತ್ರಕ್ರಿಯೆ ಬೇಕಾಗಬಹುದೆಂದು ತಜ್ಞರು ನಿರ್ಣಯಿಸಿದವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಒಂದೇ ದೇಶ, ಒಂದೇ ಬಗೆಯ ಪರೀಕ್ಷೆ. ಒಂದು ತೊಂದರೆಗೆ ‘ಕಾಯಿರಿ’ ಎಂಬ ಉತ್ತರ, ಇನ್ನೊಂದಕ್ಕೆ ‘ಕಾಯಬೇಡಿ’ ಎಂಬ ಉತ್ತರ. ಆದುದರಿಂದ ನೆರೆಮನೆಯ ಮಗುವಿಗೆ ಹಾಕಿಸಿದರು ಎಂಬುದು ನಿಮ್ಮ ಮಗುವಿಗೆ ಹಾಕಿಸಲು ಕಾರಣವಾಗದು, ಬಿಡಲೂ ಕಾರಣವಾಗದು.

ಕೋರೆಹಲ್ಲಿನದು ಇನ್ನೊಂದು ಬಗೆ. ಹತ್ತು ವರ್ಷದ ಮಗುವಿನ ಮೇಲಿನ ವಸಡಿನ ಹೊರಬದಿಯಲ್ಲಿ ಬೆರಳಾಡಿಸಿದರೆ ಬರಲಿರುವ ಕೋರೆಹಲ್ಲಿನ ಉಬ್ಬು ತಗಲಬೇಕು. ತಗಲದಿದ್ದರೆ ಅದು ಅಂಗುಳಿನ ಕಡೆಗೆ ದಾರಿ ತಪ್ಪಿರಬಹುದು. ಆಗ ಎಕ್ಸ್-ರೇ ನೋಡಿ, ಸರಿಯಾದ ಹೊತ್ತಿನಲ್ಲಿ ಹಾಲು ಕೋರೆಹಲ್ಲನ್ನು ಕಿತ್ತರೆ ಹೆಚ್ಚಿನ ಪ್ರಸಂಗಗಳಲ್ಲಿ ಶಾಶ್ವತ ಹಲ್ಲು ತಾನಾಗಿ ದಾರಿಗೆ ಬರುತ್ತದೆ ಎಂದು ಸ್ವೀಡನ್ನಿನ ಇಬ್ಬರು ತಜ್ಞರು 1988ರಲ್ಲೇ ತೋರಿಸಿದ್ದಾರೆ. ತಂತಿಯೂ ಇಲ್ಲ, ಪ್ಲೇಟೂ ಇಲ್ಲ. ಒಂದು ಹಾಲು ಹಲ್ಲು ತೆಗೆದರೆ ಆಯಿತು. ಬಿಟ್ಟರೆ ಅದೇ ಕೋರೆಹಲ್ಲು ಎಲುಬಿನೊಳಗೇ ಪಕ್ಕದ ಬಾಚಿಹಲ್ಲಿನ ಬೇರನ್ನು ತಿಂದುಹಾಕಬಹುದು.

ಬೆರಳು ಚೀಪುವ ಮಕ್ಕಳ ತಾಯಂದಿರು ಬಹಳ ಬೇಗ ಹೆದರುತ್ತಾರೆ. ನಾಲ್ಕು ವರ್ಷದವರೆಗೆ ಸುಮ್ಮನಿರಿ. ಶಾಶ್ವತ ಬಾಚಿಹಲ್ಲು ಬರುವ ಹೊತ್ತಿಗೂ ಬಿಡದಿದ್ದರೆ ಬನ್ನಿ. ಬೆರಳಿಗೆ ಬೇವಿನೆಣ್ಣೆ ಹಚ್ಚಿ ಅಳಿಸುವ ಅಗತ್ಯವಿಲ್ಲ. ಸದಾ ಬಾಯಿ ತೆರೆದು ಉಸಿರಾಡುವ, ಗೊರಕೆ ಹೊಡೆಯುವ ಮಗುವನ್ನಾದರೋ ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಸೀಳುತುಟಿ, ಸೀಳು ಅಂಗುಳಿನೊಂದಿಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಹಂತ ಹಂತದ ಚಿಕಿತ್ಸೆ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮೂರು ತಿಂಗಳ ಸುಮಾರಿಗೆ ತುಟಿ, ಒಂದು ವರ್ಷದ ಆಸುಪಾಸಿನಲ್ಲಿ ಅಂಗುಳು, ಎಂಟರಿಂದ ಹತ್ತರ ನಡುವೆ, ಕೋರೆಹಲ್ಲು ಇಳಿಯುವ ಮೊದಲು, ದವಡೆಯ ಸೀಳಿಗೆ ಎಲುಬಿನ ಕಸಿ. ಅದಕ್ಕೆ ಮುಂಚೆ ದವಡೆ ಹಿಗ್ಗಿಸುವ ಕೆಲಸ. ಇಲ್ಲಿ ಒಂದು ಹಂತ ತಪ್ಪಿದರೆ ಮುಂದಿನದೂ ಕೆಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳು ಇವೆ. ಅಂಗನವಾಡಿ, ಸರಕಾರಿ ಶಾಲೆಗಳ ಮಕ್ಕಳು ಇದರ ಉಪಯೋಗ ಪಡೆಯಬೇಕು.

‘ಹೇಗೂ ಬೀಳುವ ಹಲ್ಲಲ್ವಾ?’

ಇಷ್ಟೆಲ್ಲ ಹೇಳಿದ ಮೇಲೂ, ಚಿಕ್ಕ ವಯಸ್ಸಿನಲ್ಲಿ ಆಗಬೇಕಾದ, ಆದರೆ ಆಗದಿರುವ ದೊಡ್ಡ ಕೆಲಸವನ್ನು ಇನ್ನೂ ಹೇಳಿಲ್ಲ. ಅದು ತಂತಿಯದ್ದಲ್ಲ, ಹಿಂದಿನ ಹಾಲು ದವಡೆಹಲ್ಲುಗಳದ್ದು.

ಹುಳುಕಾಗಿ ನೋವೆಂದು ಅಳುವ ಆರು ವರ್ಷದ ಮಗುವನ್ನು ಎತ್ತಿಕೊಂಡು ಬರುವ ತಂದೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: “ಹೇಗೂ ಬೀಳುವ ಹಲ್ಲಲ್ವಾ ಡಾಕ್ಟ್ರೇ, ತೆಗೆದುಬಿಡಿ.” ಮುಂಬಲ್ಲು ಕೊಂಚ ವಾರೆಯಾದರೆ ಸಾವಿರಾರು ರೂಪಾಯಿಯ ಕ್ಲಿಪ್ಪಿಗೆ ತಯಾರಿರುವ ಮನೆಯಲ್ಲೇ ಈ ಮಾತು ಬರುವುದು ಆಶ್ಚರ್ಯ. ಬಾಚಿಹಲ್ಲುಗಳು ಆರೇಳರಲ್ಲಿ ಬೀಳುತ್ತವೆ, ನಿಜ. ಆದರೆ ಹಿಂದಿನ ಹಾಲು ದವಡೆಹಲ್ಲುಗಳು ಒಂಬತ್ತರಿಂದ ಹನ್ನೆರಡರವರೆಗೆ ಬಾಯಿಯಲ್ಲಿರಬೇಕಾದವು. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತುವ ಮೊದಲೇ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ? ಹಾಲು ದವಡೆಹಲ್ಲು ಆ ಕರವಸ್ತ್ರ. ಕೆಳಗೆ ಎಲುಬಿನಲ್ಲಿ ತಯಾರಾಗುತ್ತಿರುವ ಶಾಶ್ವತ ಹಲ್ಲಿಗೆ ಅದು ಜಾಗ ಕಾದಿರುತ್ತದೆ. ಅಷ್ಟೇ ಅಲ್ಲ, ಹಾಲು ದವಡೆಹಲ್ಲು ಅದರ ಬದಲಿಗೆ ಬರುವ ಹಲ್ಲಿಗಿಂತ ಅಗಲ. ಕೆಳದವಡೆಯ ಒಂದೊಂದು ಬದಿಯಲ್ಲೂ ಹೀಗೆ ಸುಮಾರು 1.7 ಮಿಲಿಮೀಟರ್ ಜಾಗ ಉಳಿಯುತ್ತದೆ ಎಂದು 1947ರಲ್ಲೇ ಲೆಕ್ಕ ಹಾಕಿದ್ದಾರೆ. ಮುಂದಿನ ಹಲ್ಲುಗಳ ಸಣ್ಣಪುಟ್ಟ ಇಕ್ಕಟ್ಟನ್ನು ಸಡಿಲಿಸಲು ಪ್ರಕೃತಿಯೇ ಕೂಡಿಟ್ಟ ಗಂಟು ಅದು.

ಆರು ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದನ್ನೂ ಹಾಲು ಹಲ್ಲೆಂದೇ ತಿಳಿದು ಹುಳುಕಾಗಲು ಬಿಡುವ ಮನೆಗಳು ಬೇಕಾದಷ್ಟಿವೆ. ಈ ಹಲ್ಲಿಗೆ ಮುಂದೆ ಸರಿಯುವ ಸ್ವಭಾವ. ಅದರ ಮುಂದಿರುವ ಹಾಲು ದವಡೆಹಲ್ಲನ್ನು ಕಿತ್ತರೆ ಅದು ವಾಲಿ ಮುಂದೆ ಬರುತ್ತದೆ. ಮೊದಲ ಆರು ತಿಂಗಳಲ್ಲೇ ಹೆಚ್ಚಿನ ಜಾಗ ಹೋಗಿಬಿಡುತ್ತದೆ. ಹನ್ನೊಂದರಲ್ಲಿ ಬರಬೇಕಾದ ಹಲ್ಲು ಬಂದು ನೋಡಿದರೆ ಸೀಟಿನಲ್ಲಿ ಬೇರೆಯವರು! ಅದು ಒಳಗೇ ಉಳಿಯುತ್ತದೆ, ಇಲ್ಲವೇ ನಾಲಿಗೆಯ ಕಡೆಗೆ ವಾರೆಯಾಗಿ ಮೂಡುತ್ತದೆ. ಆಮೇಲೆ ಎರಡು ವರ್ಷದ ತಂತಿ, ಕೆಲವೊಮ್ಮೆ ಗಟ್ಟಿಮುಟ್ಟಾದ ಶಾಶ್ವತ ಹಲ್ಲನ್ನೇ ಕೀಳುವ ಪ್ರಸಂಗ.

ಆದುದರಿಂದ ಹಾಲು ದವಡೆಹಲ್ಲಿನ ಹುಳುಕನ್ನು ಸಣ್ಣದಿರುವಾಗಲೇ ತುಂಬಿಸಿ. ನರಕ್ಕೆ ತಲುಪಿದ್ದರೂ ನರದ ಚಿಕಿತ್ಸೆ ಮಾಡಿ ಉಕ್ಕಿನ ಕ್ಯಾಪ್ ಹಾಕಿ ಉಳಿಸಬಹುದು. ಕೀಳದೆ ಗತಿಯಿಲ್ಲವೆಂದಾದರೆ ಜಾಗ ಕಾಯುವ ಸಾಧನದ ಬಗ್ಗೆ ಅದೇ ದಿನ ಕೇಳಿ. ಪಕ್ಕದ ಹಲ್ಲಿಗೆ ಒಂದು ಉಕ್ಕಿನ ಬಳೆ, ಅದಕ್ಕೆ ಬೆಸೆದ ತಂತಿಯ ಕುಣಿಕೆ, ಇಷ್ಟೇ. ನನ್ನ ದೃಷ್ಟಿಯಲ್ಲಿ ನಮ್ಮ ಮಕ್ಕಳಿಗೆ ಬೇಕಾದ ‘ಬೇಗನೆಯ ವಕ್ರದಂತ ಚಿಕಿತ್ಸೆ’ಯಲ್ಲಿ ದೊಡ್ಡ ಪಾಲು ಇದೇ. ಇದರ ಜಾಹೀರಾತು ಎಲ್ಲೂ ಕಾಣಿಸುವುದಿಲ್ಲ, ಏಕೆಂದರೆ ಇದರಲ್ಲಿ ಹಣ ಕಡಿಮೆ.

ಜಾಹೀರಾತು ಬರುವುದು ಬೇರೆಯವಕ್ಕೆ. ಎಂಟು ವರ್ಷದ ಮಕ್ಕಳಿಗೂ ಕಣ್ಣಿಗೆ ಕಾಣದ ಪಾರದರ್ಶಕ ಪ್ಲೇಟುಗಳು ಬಂದಿವೆ. ಸಾಧನ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಕಾಣದ ಸಾಧನವೆಂಬುದು ಬೇಡದ ಚಿಕಿತ್ಸೆಯನ್ನು ಬೇಕಾದದ್ದನ್ನಾಗಿ ಮಾಡುವುದಿಲ್ಲ. ಅಳತೆಯನ್ನೇ ತೆಗೆಯದೆ, ಬಾಯಲ್ಲಿಟ್ಟುಕೊಂಡು ಮಲಗಿದರೆ ಸಾಕೆಂದು ಮಾರುವ ರೆಡಿಮೇಡ್ ರಬ್ಬರ್ ಸಾಧನಗಳ ಬಗ್ಗೆ ಮಾತ್ರ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಮಂಗಳೂರಿನವರಿಗೆ ಎರಡನೆಯ ಅಭಿಪ್ರಾಯ ಕೇಳಲು ದೂರ ಹೋಗಬೇಕಾಗಿಲ್ಲ. ದೇರಳಕಟ್ಟೆಯಲ್ಲಿ 1985ರಲ್ಲಿ ಆರಂಭವಾದ ಎ.ಬಿ. ಶೆಟ್ಟಿ ಸ್ಮಾರಕ ಸಂಸ್ಥೆ, ಅಲ್ಲೇ 1992ರ ಯೇನೆಪೋಯ ಕಾಲೇಜು, ನಗರದೊಳಗೆ 1987ರ ಮಣಿಪಾಲ ದಂತವೈದ್ಯಕೀಯ ಕಾಲೇಜು, ಕುಂಟಿಕಾನದಲ್ಲಿ ಎ.ಜೆ. ಸಂಸ್ಥೆ ಹೀಗೆ ಒಂದೇ ಊರಿನ ಸುತ್ತ ಇಷ್ಟು ದಂತ ಕಾಲೇಜುಗಳಿರುವುದು ಅಪರೂಪ. ಕಾಲೇಜುಗಳಲ್ಲಿ ಖರ್ಚು ಕಡಿಮೆ, ಮೇಲೆ ಅನುಭವಿ ಪ್ರಾಧ್ಯಾಪಕರ ಕಣ್ಣಿರುತ್ತದೆ. ಆದರೆ ಒಂದು ಸಂಗತಿ ತಿಳಿದಿರಲಿ: ಅಲ್ಲಿ ಚಿಕಿತ್ಸೆ ಮಾಡುವ ಸ್ನಾತಕೋತ್ತರ ವಿದ್ಯಾರ್ಥಿಯ ಅಧ್ಯಯನ ಮೂರು ವರ್ಷದ್ದು. ಎಂಟರಲ್ಲಿ ಆರಂಭಿಸಿ ಹದಿನಾಲ್ಕಕ್ಕೆ ಮುಗಿಯುವ ಎರಡು ಕಂತಿನ ಚಿಕಿತ್ಸೆಯಾದರೆ ಮಗು ಇಬ್ಬರು ಮೂವರ ಕೈ ದಾಟುತ್ತದೆ. ಕಡತ, ಎಕ್ಸ್-ರೇ, ಹಲ್ಲಿನ ಅಚ್ಚುಗಳನ್ನು ಜೋಪಾನ ಮಾಡಿ.

ದುಬೈ, ಕುವೈತ್, ದೋಹಾಗಳಿಂದ ರಜೆಗೆ ಬರುವ ಕುಟುಂಬಗಳಿಗೂ ಒಂದು ಮಾತು. ಎರಡು ತಿಂಗಳ ರಜೆಯಲ್ಲಿ ಮಗುವಿಗೆ ತಂತಿ ಕಟ್ಟಿಸಿಕೊಂಡು ವಿಮಾನ ಹತ್ತಬೇಡಿ. ಅಲ್ಲಿ ತಿಂಗಳು ತಿಂಗಳು ನೋಡುವವರು ಯಾರೆಂದು ಗೊತ್ತುಮಾಡಿಕೊಳ್ಳದೆ ಹಾಕಿಸಿದ ತಂತಿ ಹಲ್ಲನ್ನು ಎಲ್ಲಿಗೆ ಬೇಕಾದರೂ ಒಯ್ದೀತು. ರಜೆಯಲ್ಲಿ ತಪಾಸಣೆ, ಹುಳುಕು ತುಂಬಿಸುವುದು ಆಗಲಿ.

ಯಾವ ವೈದ್ಯರಲ್ಲಿಗೆ ಹೋದರೂ ಒಂದು ಪ್ರಶ್ನೆ ಕೇಳಲು ಸಂಕೋಚಪಡಬೇಡಿ: “ಈಗ ಮಾಡದೆ ಎರಡು ವರ್ಷ ಕಾದರೆ ಏನು ಕೆಡುತ್ತದೆ?” ವಸಡು ಸವೆಯುತ್ತದೆ, ದವಡೆ ಓರೆಯಾಗಿ ಬೆಳೆಯುತ್ತದೆ, ಪಕ್ಕದ ಬೇರು ಕರಗುತ್ತದೆ ಎಂಬಂಥ ಸ್ಪಷ್ಟ ಉತ್ತರ ಬಂದರೆ ಒಪ್ಪಿಕೊಳ್ಳಿ. ‘ಈಗ ಮಾಡಿದರೆ ಒಳ್ಳೆಯದು’ ಎಂದಷ್ಟೇ ಉತ್ತರವಾದರೆ ಇನ್ನೊಬ್ಬರಿಗೂ ತೋರಿಸಿ.

ಆ ಎಂಟು ವರ್ಷದ ಹುಡುಗಿಯ ಮುಂಬಲ್ಲುಗಳಿಗೆ ನಾನು ಏನೂ ಮಾಡಲಿಲ್ಲ. ಆದರೆ ಕನ್ನಡಿ ಹಿಡಿದು ಹಿಂದೆ ನೋಡಿದಾಗ ಕೆಳಗಿನ ಎಡಬದಿಯ ಹಾಲು ದವಡೆಹಲ್ಲಿನಲ್ಲಿ ಕಾಳುಮೆಣಸು ಹಿಡಿಯುವಷ್ಟು ತೂತು ಇತ್ತು. ನೋವಿಲ್ಲದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ಸಲ ಬಂದು ನರದ ಚಿಕಿತ್ಸೆ ಮಾಡಿಸಿಕೊಂಡು, ಕ್ಯಾಪ್ ಹಾಕಿಸಿಕೊಂಡು ಹೋದಳು. “ಹಾಗಾದರೆ ಕ್ಲಿಪ್ ಯಾವಾಗ ಡಾಕ್ಟ್ರೇ?” ಎಂದು ತಾಯಿ ಬಾಗಿಲ ಬಳಿ ಮತ್ತೊಮ್ಮೆ ಕೇಳಿದರು. ಮುಂದಿನ ಏಪ್ರಿಲಿನಲ್ಲಿ ಕರೆದುಕೊಂಡು ಬನ್ನಿ, ನೋಡೋಣ ಎಂದೆ.